ಮೈನಸ್ 400: ಸಾಗರದ ಒಂದು ಮನೆಯಲ್ಲಿ ಹುಟ್ಟಿದ ಆಪ್ಷನ್ ಕರಾರು

"ಮೈನಸ್ ನಾನ್ನೂರು ಅಂತ ತೋರಿಸ್ತಿದೆಯಲ್ಲ, ಶೇರೆಲ್ಲ ಹೋಯ್ತಾ?"

ಸಾಗರದಲ್ಲಿರುವ ನನ್ನ ಸೋದರಮಾವನ ಮನೆಯಲ್ಲಿ ಅತ್ತೆ ಹೀಗೆ ಕೇಳಿದರು. ಮಾವ ನಿವೃತ್ತ ಮೇಷ್ಟ್ರು. ಒಂದು ಎಕರೆ ಅಡಿಕೆ ತೋಟ ಇದೆ. ಹಲವು ವರ್ಷ ಸ್ವಲ್ಪ ಸ್ವಲ್ಪವಾಗಿ ಕೂಡಿಸಿದ 400 ಇನ್ಫೋಸಿಸ್ ಶೇರುಗಳೂ ಇವೆ. ಮನೆಯ ಲೆಕ್ಕದ ಪುಸ್ತಕ ಬರೆಯುವವರು ಅತ್ತೆ. ಅವತ್ತು ಬುಧವಾರ. ಬೆಳಿಗ್ಗೆ ಮಾವ ಫೋನಿನಲ್ಲಿ ಒಂದು ವ್ಯವಹಾರ ಮಾಡಿದ್ದರು. ಲೆಕ್ಕ ಬರೆಯೋಣ ಅಂತ ಅತ್ತೆ ಫೋನ್ ತೆಗೆದು ನೋಡಿದರು. ಇನ್ಫೋಸಿಸ್, 1600, ಸಿಇ. ಪಕ್ಕದಲ್ಲಿ ಕೆಂಪು ಬಣ್ಣದಲ್ಲಿ ಮೈನಸ್ 400.

ಶೇರು ಎಲ್ಲೂ ಹೋಗಿರಲಿಲ್ಲ. ಮಾವ ಮಾರಿದ್ದು ಶೇರನ್ನಲ್ಲ, ಒಂದು ಕಾಲ್ ಆಪ್ಷನ್. ಫೋನಿನಲ್ಲಿ ಸಿಇ ಅಂತ ಇದ್ದದ್ದು ಅದೇ. ಅಷ್ಟು ಹೇಳಿದ್ದಕ್ಕೆ ಅತ್ತೆ ಇನ್ನೂ ಗಟ್ಟಿ ಪ್ರಶ್ನೆ ಕೇಳಿದರು. "ನಿನ್ನೆವರೆಗೂ ಅದು ನಿಮ್ಮ ಹತ್ರ ಇರಲಿಲ್ಲ. ಕೊಂಡ ಲೆಕ್ಕ ನಾನು ಬರೆದೇ ಇಲ್ಲ. ಕೊಳ್ಳದೇ ಇದ್ದದ್ದನ್ನು ಹೇಗೆ ಮಾರಿದ್ರಿ?"

ಶೇರು ಮಾರುಕಟ್ಟೆಯ ಬಗ್ಗೆ ನಾನು ಕೇಳಿರುವ ಪ್ರಶ್ನೆಗಳಲ್ಲಿ ಇದು ಬಹಳ ಒಳ್ಳೆಯದು. ಹೊಸದಾಗಿ ಆಪ್ಷನ್ ಕಲಿಯುವವರು ಲಾಭ ನಷ್ಟದ ಚಿತ್ರ ಬರೆಯುವುದನ್ನು ಕಲಿಯುತ್ತಾರೆ. ಆ ವಸ್ತು ಬಂದದ್ದೆಲ್ಲಿಂದ ಅಂತ ಕೇಳುವುದಿಲ್ಲ. ಅತ್ತೆ ಅಲ್ಲಿಂದಲೇ ಶುರು ಮಾಡಿದರು. ಹಾಗಾಗಿ ಆ ಒಂದೇ ಒಂದು ಕರಾರಿನ ಹುಟ್ಟಿನಿಂದ ಕೊನೆಯವರೆಗಿನ ಕಥೆಯನ್ನು ಇಲ್ಲಿ ಬರೆಯುತ್ತಿದ್ದೇನೆ. ಲೆಕ್ಕ ಸುಲಭವಾಗಲಿ ಅಂತ ಬೆಲೆಗಳನ್ನು ಬದಲಿಸಿ ದುಂಡು ಮಾಡಿದ್ದೇನೆ. ವ್ಯವಸ್ಥೆ ಮಾತ್ರ ಇದ್ದ ಹಾಗೇ ಇದೆ.

ಮೊದಲು ಕಾಲ್ ಅಂದರೇನು ಅಂತ ಎರಡು ಮಾತು. ಕಾಲ್ ಕೊಂಡವರಿಗೆ ಗೊತ್ತಾದ ದಿನ, ಗೊತ್ತಾದ ಬೆಲೆಗೆ ಶೇರು ಕೊಳ್ಳುವ ಹಕ್ಕು ಸಿಗುತ್ತದೆ. ಮಾರಿದವರಿಗೆ ಆ ಬೆಲೆಗೆ ಶೇರು ಕೊಡುವ ಹೊಣೆ ಬರುತ್ತದೆ. ಆ ಹೊಣೆ ಹೊತ್ತದ್ದಕ್ಕೆ ಸಿಗುವ ಹಣವೇ ಪ್ರೀಮಿಯಂ. ಇದರ ತಿರುಗುಮುರುಗು ಪುಟ್. ಅದರಲ್ಲಿ ಕೊಂಡವರಿಗೆ ಶೇರು ಮಾರುವ ಹಕ್ಕು ಇರುತ್ತದೆ. ಈ ಕಥೆಗೆ ಕಾಲ್ ಸಾಕು.

ಖಾಲಿ ಛಾಪಾ ಕಾಗದ

ಅತ್ತೆಗೆ ನಾನು ಸೈಟಿನ ಅಗ್ರಿಮೆಂಟ್ ನೆನಪಿಸಿದೆ. ಯಾರೋ ಒಬ್ಬರು ನಿಮ್ಮ ಸೈಟಿಗೆ ಟೋಕನ್ ಅಡ್ವಾನ್ಸ್ ಕೊಡುತ್ತಾರೆ. ಮೂರು ತಿಂಗಳೊಳಗೆ ಇಷ್ಟಕ್ಕೆ ಕೊಳ್ಳುತ್ತೇನೆ, ಕೊಳ್ಳದಿದ್ದರೆ ಅಡ್ವಾನ್ಸ್ ನಿಮಗೇ ಅನ್ನುತ್ತಾರೆ. ನೀವು ಒಪ್ಪಿ ಸಹಿ ಹಾಕುತ್ತೀರಿ. ಆ ಅಗ್ರಿಮೆಂಟ್ ಹಿಂದಿನ ದಿನ ಎಲ್ಲಿತ್ತು? ಎಲ್ಲೂ ಇರಲಿಲ್ಲ. ಇದ್ದದ್ದು ಖಾಲಿ ಛಾಪಾ ಕಾಗದ ಮಾತ್ರ. ಇಬ್ಬರೂ ಸಹಿ ಹಾಕಿದ ಗಳಿಗೆಗೆ ಅದು ಅಗ್ರಿಮೆಂಟ್ ಆಯಿತು.

"ಹಾಗಾದ್ರೆ ತೋಟ ಚೇಣಿಗೆ ಕೊಟ್ಟ ಹಾಗೆ," ಅಂದರು ಅತ್ತೆ. ಚೇಣಿ ಅಂದರೆ ತೋಟದ ಫಸಲನ್ನು ಮೊದಲೇ ಮಾತಾಡಿ ಒಬ್ಬರಿಗೆ ಒಪ್ಪಿಸುವುದು. ಹುಟ್ಟಿನ ಮಟ್ಟಿಗೆ ಹೌದು. ಚೇಣಿಯ ಕರಾರೂ ಇಬ್ಬರು ಕೂತು ಒಪ್ಪಿದಾಗಲೇ ಹುಟ್ಟುತ್ತದೆ. ಆದರೆ ಚೇಣಿಯಲ್ಲಿ ಇಬ್ಬರೂ ಕಟ್ಟುಬೀಳುತ್ತಾರೆ. ಚೇಣಿದಾರ ಫಸಲು ಬೇಡ ಅನ್ನುವ ಹಾಗಿಲ್ಲ. ಆಪ್ಷನ್‌ನಲ್ಲಿ ಕಟ್ಟುಬೀಳುವವನು ಮಾರಿದವನು ಮಾತ್ರ. ಕೊಂಡವನು ಬೇಡ ಅಂತ ಬಿಟ್ಟುಬಿಡಬಹುದು.

ಮಾವನ ವ್ಯವಹಾರದಲ್ಲಿ ಖಾಲಿ ಛಾಪಾ ಕಾಗದವನ್ನು ತಯಾರಿಸಿ ಇಟ್ಟದ್ದು ನ್ಯಾಷನಲ್ ಸ್ಟಾಕ್ ಎಕ್ಸ್‌ಚೇಂಜ್, ಅಂದರೆ ಎನ್‌ಎಸ್‌ಇ. ಯಾವ ಶೇರಿನ ಮೇಲೆ ಆಪ್ಷನ್ ನಡೆಯಬಹುದು ಅನ್ನುವುದಕ್ಕೆ ಶೇರುಪೇಟೆಯನ್ನು ನಿಯಂತ್ರಿಸುವ ಸಂಸ್ಥೆಯಾದ ಸೆಬಿಯ ನಿಯಮಗಳಿವೆ. ಕಳೆದ ಆರು ತಿಂಗಳಲ್ಲಿ ಮಾರುಕಟ್ಟೆ ಮೌಲ್ಯ ಮತ್ತು ವಹಿವಾಟಿನಲ್ಲಿ ಮೊದಲ 500 ಶೇರುಗಳೊಳಗೆ ಇರಬೇಕು ಅನ್ನುವುದು ಅವುಗಳಲ್ಲಿ ಒಂದು. ಆ ನಿಯಮಗಳಿಗೆ ಹೊಂದುವ ಶೇರನ್ನು ಎಕ್ಸ್‌ಚೇಂಜ್ ಆರಿಸುತ್ತದೆ. ಕಂಪನಿಯ ಒಪ್ಪಿಗೆ ಬೇಕಿಲ್ಲ.

ಒಂದು ಸಲಕ್ಕೆ ಮೂರು ತಿಂಗಳ ಕರಾರುಗಳು ಚಾಲ್ತಿಯಲ್ಲಿ ಇರುತ್ತವೆ. ಈ ತಿಂಗಳದು, ಮುಂದಿನದು, ಅದರಾಚೆಯದು. ತಿಂಗಳ ಕೊನೆಯ ಮಂಗಳವಾರ ಒಂದು ಮುಗಿಯುತ್ತದೆ. 2025ರ ಸೆಪ್ಟೆಂಬರ್‌ಗೆ ಮೊದಲು ಅದು ಕೊನೆಯ ಗುರುವಾರ ಇತ್ತು. ಹಳೆಯದು ಮುಗಿದ ಮರುದಿನ, ಮೂರನೇ ತಿಂಗಳದ್ದು ಹೊಸದಾಗಿ ತೆರೆದುಕೊಳ್ಳುತ್ತದೆ.

ಮಾವ ಆ ಬುಧವಾರವನ್ನೇ ಆರಿಸಿಕೊಂಡಿದ್ದರು. ನಾನು ಪಕ್ಕದಲ್ಲೇ ಕೂತಿದ್ದೆ. ಒಂಬತ್ತು ಕಾಲಿಗೆ ಮಾರುಕಟ್ಟೆ ತೆರೆಯಿತು. ಒಂದು ಶೇರಿನ ಎಲ್ಲ ಆಪ್ಷನ್‌ಗಳನ್ನು ಪಟ್ಟಿ ಮಾಡಿ ತೋರಿಸುವ ಆಪ್ಷನ್ ಚೈನ್‌ನಲ್ಲಿ ಮೂರನೇ ತಿಂಗಳನ್ನು ಒತ್ತಿದೆವು. ಸಾಲು ಸಾಲಾಗಿ ಸ್ಟ್ರೈಕ್ ಬೆಲೆಗಳು, ಅಂದರೆ ಶೇರು ಕೊಡಲು ಕೊಳ್ಳಲು ಗೊತ್ತುಮಾಡಿದ ಬೆಲೆಗಳು. 1560, 1580, 1600, 1620. ಇಪ್ಪತ್ತು ರೂಪಾಯಿಗೊಂದು. ಎಲ್ಲದರ ಮುಂದೆಯೂ ಓಪನ್ ಇಂಟರೆಸ್ಟ್, ಅಂದರೆ ಚಾಲ್ತಿಯಲ್ಲಿರುವ ಕರಾರುಗಳ ಸಂಖ್ಯೆ, ಅನ್ನುವ ಅಂಕಣದಲ್ಲಿ ಗೀಟು ಅಥವಾ ಸೊನ್ನೆ.

ಆ ಸೊನ್ನೆಗಳನ್ನು ನೋಡಿದ್ದು ನನಗೆ ಇವತ್ತಿಗೂ ನೆನಪಿದೆ. ದಿನಾ ನೋಡುವಾಗ ಅಲ್ಲಿ ಸಾವಿರಗಳು ಇರುತ್ತವೆ. ಅವು ಮೊದಲಿನಿಂದಲೂ ಇದ್ದವು ಅನ್ನಿಸುತ್ತದೆ. ಅವತ್ತು ಬೆಳಿಗ್ಗೆ ಅಲ್ಲಿ ಏನೂ ಇರಲಿಲ್ಲ. 1600ರ ಕಾಲ್ ಅಂತ ಹೆಸರಿತ್ತು. ಕರಾರು ಮುಗಿಯುವ ಎಕ್ಸ್‌ಪೈರಿ ದಿನ ಗೊತ್ತಿತ್ತು. ಒಂದು ಲಾಟ್ ಅಂದರೆ 400 ಶೇರು ಅಂತ ಗೊತ್ತಿತ್ತು. ಕರಾರು ಮಾತ್ರ ಒಂದೂ ಇರಲಿಲ್ಲ.

ಗಮನಿಸಿ, ಆ ಕಾಗದದಲ್ಲಿ ಬಹುತೇಕ ಎಲ್ಲವೂ ಅಚ್ಚಾಗಿಯೇ ಇದೆ. ಯಾವ ಶೇರು, ಎಷ್ಟು ಶೇರು, ಯಾವ ಬೆಲೆಗೆ, ಯಾವ ದಿನ. ಇಬ್ಬರು ಸೇರಿ ತುಂಬಬೇಕಾದ ಜಾಗ ಒಂದೇ. ಪ್ರೀಮಿಯಂ ಎಷ್ಟು?

ಹತ್ತೂ ಇಪ್ಪತ್ತಕ್ಕೆ

ಶೇರಿನ ಬೆಲೆ ಅವತ್ತು 1500 ರೂಪಾಯಿ. 1600 ಬಂದರೆ ಶೇರು ಕೊಟ್ಟುಬಿಡಲು ಮಾವ ಸಿದ್ಧರಿದ್ದರು. ಅಲ್ಲಿವರೆಗೆ ಹೋಗದಿದ್ದರೆ ಪ್ರೀಮಿಯಂ ಉಳಿಯುತ್ತದೆ ಅನ್ನುವುದು ಅವರ ಲೆಕ್ಕ. 45 ರೂಪಾಯಿಗೆ ಮಾರುತ್ತೇನೆ ಅಂತ ಒಂದು ಲಾಟ್‌ಗೆ ಆರ್ಡರ್ ಹಾಕಿದರು.

ಯಾರೂ ಬರಲಿಲ್ಲ. ಕೊಳ್ಳುವ ಕಡೆ ಯಾರೋ 38 ಅಂತ ಕೂತಿದ್ದರು. ಎರಡೂ ಆರ್ಡರ್‌ಗಳು ಎದುರುಬದುರು ನಿಂತಿದ್ದವು. ಇದು ಹೊಸಬರು ತಪ್ಪು ತಿಳಿಯುವ ಜಾಗ. ಆರ್ಡರ್ ಹಾಕಿದ ತಕ್ಷಣ ಆಪ್ಷನ್ ಹುಟ್ಟುವುದಿಲ್ಲ. ಆರ್ಡರ್ ಅಂದರೆ ಬರೀ ಇಚ್ಛೆ. ಅದನ್ನು ಯಾವಾಗ ಬೇಕಾದರೂ ವಾಪಸ್ ತೆಗೆಯಬಹುದು.

ಸುಮಾರು ಹೊತ್ತಿನ ಮೇಲೆ ಮಾವ 42ಕ್ಕೆ ಇಳಿಸಿದರು. ಹತ್ತೂ ಇಪ್ಪತ್ತರ ಹೊತ್ತಿಗೆ ಎದುರಿನ ಕಡೆಯಿಂದ ಯಾರೋ 42ಕ್ಕೆ ಕೊಂಡರು. ಫೋನು ಟಿಣ್ ಅಂದಿತು. ಸ್ವಲ್ಪ ಹೊತ್ತಿಗೆ ಪರದೆಯ ಮೇಲಿನ ಸೊನ್ನೆ 1 ಆಯಿತು. ಕೆಲವು ಆ್ಯಪ್‌ಗಳು ಅದನ್ನು ಶೇರಿನ ಲೆಕ್ಕದಲ್ಲಿ 400 ಅಂತ ತೋರಿಸುತ್ತವೆ. ಎರಡೂ ಒಂದೇ.

ಆ ಕ್ಷಣಕ್ಕೆ ಒಂದು ಕರಾರು ಹುಟ್ಟಿತು. ಎಲ್ಲೋ ಒಂದು ಉಗ್ರಾಣದಿಂದ ಅದನ್ನು ತೆಗೆದುಕೊಟ್ಟದ್ದಲ್ಲ. ಒಬ್ಬರು ಹೊಣೆ ಹೊರಲು ಒಪ್ಪಿದರು, ಇನ್ನೊಬ್ಬರು ಹಕ್ಕಿಗೆ ದುಡ್ಡು ಕೊಡಲು ಒಪ್ಪಿದರು, ಇಬ್ಬರ ಬೆಲೆ ಕೂಡಿತು. ಅಷ್ಟೇ. ಅತ್ತೆಯ ಪ್ರಶ್ನೆಗೆ ನೇರ ಉತ್ತರ ಇದೇ. ಮಾವ ಇಲ್ಲದ ವಸ್ತುವನ್ನು ಮಾರಲಿಲ್ಲ. ಒಂದು ಮಾತು ಕೊಟ್ಟರು. ಹೀಗೆ ಮಾತು ಕೊಡುವುದಕ್ಕೆ ಇಂಗ್ಲಿಷ್‌ನಲ್ಲಿ ಆಪ್ಷನ್ ಬರೆಯುವುದು ಅಂತಲೇ ಹೇಳುತ್ತಾರೆ, ಮಾರಿದವರನ್ನು ರೈಟರ್ ಅನ್ನುತ್ತಾರೆ. ನನಗೆ ಆ ಹೆಸರೇ ಸರಿ ಅನ್ನಿಸುತ್ತದೆ. ಪತ್ರ ಬರೆದುಕೊಟ್ಟವರು ಅಂತ ನಾವು ಹೇಳುವುದಿಲ್ಲವೇ, ಹಾಗೆ.

ಫೋನಿನ ಮೈನಸ್ 400 ಅಂದರೆ ಕೊಡಬೇಕಾಗಿ ಬರಬಹುದಾದ 400 ಶೇರಿನ ಹೊಣೆ. ಆ ಕಡೆ ಯಾರದೋ ಫೋನಿನಲ್ಲಿ ಅದೇ ಹೊತ್ತಿಗೆ ಪ್ಲಸ್ 400 ಬಂದಿತ್ತು. ದೇಶದ ಎಲ್ಲರ ಫೋನುಗಳಲ್ಲಿ ಇರುವ ಆ ಕಾಲ್‌ನ ಪ್ಲಸ್‌ಗಳನ್ನೂ ಮೈನಸ್‌ಗಳನ್ನೂ ಕೂಡಿಸಿದರೆ ಯಾವಾಗಲೂ ಸೊನ್ನೆಯೇ ಬರುತ್ತದೆ. ಶೇರು ಹಾಗಲ್ಲ. ಶೇರುಗಳನ್ನು ಕಂಪನಿ ಹೊರಡಿಸಿದೆ, ಅವು ಇಷ್ಟೇ ಅಂತ ಲೆಕ್ಕ ಇದೆ, ಶೇರು ಇಡುವ ಡಿಮ್ಯಾಟ್ ಖಾತೆಗಳಲ್ಲಿ ಕೂತಿವೆ. ಆಪ್ಷನ್ ಡಿಮ್ಯಾಟ್‌ಗೆ ಬರುವುದೇ ಇಲ್ಲ. ಅದು ವ್ಯವಹಾರಗಳ ಲೆಕ್ಕ ಚುಕ್ತಾ ಮಾಡುವ ಕ್ಲಿಯರಿಂಗ್ ಸಂಸ್ಥೆಯ ಪುಸ್ತಕದಲ್ಲಿ ಎರಡು ಕಡೆ ಬರೆದ ಒಂದು ನಮೂದು.

"ಇನ್ಫೋಸಿಸ್‌ನವರು ಕೊಟ್ಟದ್ದಲ್ವಾ?"

ಅತ್ತೆಯ ಅಣ್ಣನ ಮಗಳು ಬೆಂಗಳೂರಿನಲ್ಲಿ ಐಟಿ ಕೆಲಸದಲ್ಲಿದ್ದಾಳೆ. ಅವಳಿಗೆ ಕಂಪನಿ ಸ್ಟಾಕ್ ಆಪ್ಷನ್ ಕೊಟ್ಟಿದೆ ಅಂತ ಮನೆಯಲ್ಲೆಲ್ಲ ಗೊತ್ತು. ಹಾಗಾಗಿ ಅತ್ತೆಗೆ ಇದೂ ಅದೇ ಅನ್ನಿಸಿತು. ಕರ್ನಾಟಕದಲ್ಲಿ ಈ ಗೊಂದಲ ಸಹಜ. ಇನ್ಫೋಸಿಸ್ 1994ರಲ್ಲೇ ತನ್ನ ನೌಕರರಿಗೆ ಶೇರು ಸಿಗುವ ಯೋಜನೆ ತಂದಿತ್ತು. ನಮ್ಮಲ್ಲಿ ಬಹಳ ಜನ ಸ್ಟಾಕ್ ಆಪ್ಷನ್ ಅನ್ನುವ ಪದ ಕೇಳಿದ್ದೇ ಆ ದಾರಿಯಲ್ಲಿ.

ಎರಡೂ ಬೇರೆ ಬೇರೆ. ನೌಕರರ ಆಪ್ಷನ್‌ನಲ್ಲಿ ಮಾತು ಕೊಡುವವರು ಕಂಪನಿಯವರು. ನೌಕರ ಹಕ್ಕು ಚಲಾಯಿಸಿದರೆ ಸಾಮಾನ್ಯವಾಗಿ ಕಂಪನಿ ಹೊಸ ಶೇರು ಹೊರಡಿಸುತ್ತದೆ, ಇಲ್ಲವೇ ಅದಕ್ಕೆಂದೇ ಇಟ್ಟ ಟ್ರಸ್ಟ್‌ನಿಂದ ಕೊಡುತ್ತದೆ. ಆ ಆಪ್ಷನ್ ಅನ್ನು ಪೇಟೆಯಲ್ಲಿ ಇನ್ನೊಬ್ಬರಿಗೆ ಮಾರಲು ಆಗುವುದಿಲ್ಲ. ಮಾವ ಬರೆದ ಕಾಲ್‌ಗೂ ಕಂಪನಿಗೂ ಯಾವ ವ್ಯವಹಾರವೂ ಇಲ್ಲ. ಆ 42 ರೂಪಾಯಿಯಲ್ಲಿ ಒಂದು ಪೈಸೆಯೂ ಕಂಪನಿಗೆ ಹೋಗಲಿಲ್ಲ. ಹೊಸ ಶೇರೂ ಹುಟ್ಟುವುದಿಲ್ಲ. ಕೊಡಬೇಕಾಗಿ ಬಂದರೆ ಮಾವನ ಡಿಮ್ಯಾಟ್‌ನಲ್ಲಿ ಈಗಾಗಲೇ ಇರುವ ಶೇರೇ ಹೋಗಬೇಕು.

ಕಂಪನಿ ತಾನಾಗಿ ಏನಾದರೂ ಮಾಡಿದಾಗ ಮಾತ್ರ ಕಾಗದವನ್ನು ತಿದ್ದುತ್ತಾರೆ. 2018ರ ಸೆಪ್ಟೆಂಬರ್‌ನಲ್ಲಿ ಇನ್ಫೋಸಿಸ್ ಒಂದಕ್ಕೊಂದು ಬೋನಸ್ ಕೊಟ್ಟಿತು. ಶೇರುಗಳು ದುಪ್ಪಟ್ಟಾದವು, ಬೆಲೆ ಅರ್ಧಕ್ಕೆ ಬಂತು. ಆಗ ಚಾಲ್ತಿಯಲ್ಲಿದ್ದ ಆಪ್ಷನ್‌ಗಳ ಸ್ಟ್ರೈಕ್ ಬೆಲೆಯನ್ನು ಅರ್ಧ ಮಾಡಿ, ಲಾಟನ್ನು ದುಪ್ಪಟ್ಟು ಮಾಡಿದರು. ಯಾರಿಗೂ ಅನ್ಯಾಯ ಆಗಬಾರದಲ್ಲ.

ಗುರುತಿಲ್ಲದವರ ಮಾತನ್ನು ನಂಬುವುದು ಹೇಗೆ

ಎದುರಿಗೆ ಕೊಂಡವರು ಯಾರು? ಮಾವನಿಗೆ ಗೊತ್ತಿಲ್ಲ. ರಾಜಕೋಟೆಯ ವ್ಯಾಪಾರಿ ಇರಬಹುದು, ಮುಂಬೈಯ ಯಾವುದೋ ಸಂಸ್ಥೆಯ ಕಂಪ್ಯೂಟರ್ ಇರಬಹುದು. ಅವರಿಗೂ ಮಾವ ಯಾರು ಅಂತ ಗೊತ್ತಿಲ್ಲ. ಚೇಣಿಯಲ್ಲಿ ಮುಖ ನೋಡಿ, ಮನೆತನ ನೋಡಿ ಕರಾರು ಮಾಡುತ್ತಾರೆ. ಇಲ್ಲಿ ಮುಖವೇ ಇಲ್ಲ. ಮೂರು ತಿಂಗಳ ಮೇಲೆ ಮಾವ ಶೇರು ಕೊಡಲ್ಲ ಅಂದರೆ ಆ ಮನುಷ್ಯ ಸಾಗರದ ಬಸ್ಸು ಹಿಡಿದು ಬರಬೇಕಾ?

ಇದಕ್ಕೆ ಉತ್ತರ ಕ್ಲಿಯರಿಂಗ್ ಕಾರ್ಪೊರೇಷನ್. ಎನ್‌ಎಸ್‌ಇಯಲ್ಲಿ ನಡೆಯುವ ವ್ಯವಹಾರಗಳಿಗೆ ಎನ್‌ಎಸ್‌ಇ ಕ್ಲಿಯರಿಂಗ್ ಲಿಮಿಟೆಡ್ ಅನ್ನುವ ಸಂಸ್ಥೆ ಇದೆ. 1995ರಲ್ಲಿ ಸ್ಥಾಪನೆಯಾದದ್ದು. ಬೆಲೆ ಕೂಡಿದ ಮೇಲೆ ಅದು ಇಬ್ಬರ ನಡುವೆ ಬಂದು ನಿಲ್ಲುತ್ತದೆ. ಒಂದು ಕರಾರನ್ನು ಎರಡು ಮಾಡುತ್ತದೆ. ಮಾವನಿಗೆ ಅದೇ ಕೊಂಡವರು. ಕೊಂಡವರಿಗೆ ಅದೇ ಮಾರಿದವರು. ಬ್ರೋಕರ್ ಮೂಲಕ ಮಾವನ ಹೊಣೆ ಆ ಸಂಸ್ಥೆಗೆ. ಆ ಸಂಸ್ಥೆಯ ಹೊಣೆ ಆಚೆ ಕಡೆಯವರಿಗೆ. ಮಾವ ತಪ್ಪಿದರೂ ಆಚೆಯವರಿಗೆ ಸಿಗಬೇಕಾದದ್ದು ಸಿಗುತ್ತದೆ.

ನನ್ನ ಅಭಿಪ್ರಾಯದಲ್ಲಿ ಇಡೀ ಆಪ್ಷನ್ ಮಾರುಕಟ್ಟೆಯ ದೊಡ್ಡ ಸಾಧನೆ ಇದು. ಬೆಲೆ ಕಟ್ಟುವ ಸೂತ್ರಗಳ ಬಗ್ಗೆ ಜನ ಬಹಳ ಮಾತಾಡುತ್ತಾರೆ. ಈ ನಡುವಿನ ಸಂಸ್ಥೆಯ ಬಗ್ಗೆ ಮಾತಾಡುವವರು ಕಡಿಮೆ. ಆದರೆ ಇದು ಇಲ್ಲದಿದ್ದರೆ ಸಾಗರದಲ್ಲಿ ಕೂತ ಮೇಷ್ಟ್ರ ಮಾತಿಗೆ ಯಾರು ದುಡ್ಡು ಕೊಡುತ್ತಿದ್ದರು?

ಮೊದಲು ಹೀಗಿರಲಿಲ್ಲ. ಅಮೆರಿಕದಲ್ಲಿ 1973ಕ್ಕೆ ಮೊದಲು ಆಪ್ಷನ್‌ಗಳು ಇದ್ದವು. ಆದರೆ ಪ್ರತಿಯೊಂದನ್ನೂ ದಲ್ಲಾಳಿಗಳು ಕೊಳ್ಳುವವರನ್ನೂ ಬರೆಯುವವರನ್ನೂ ಹುಡುಕಿ ಬೇರೆ ಬೇರೆಯಾಗಿ ಮಾತಾಡಿಸಿ ಕೂಡಿಸಬೇಕಿತ್ತು. ಬೆಲೆ ಬೇರೆ, ದಿನ ಬೇರೆ. ಒಮ್ಮೆ ಕೊಂಡರೆ ಇನ್ನೊಬ್ಬರಿಗೆ ದಾಟಿಸುವುದು ಕಷ್ಟ. ನಮ್ಮ ದೇಶದಲ್ಲೂ ಹಳೇ ಶೇರುಪೇಟೆಯಲ್ಲಿ ತೇಜಿ ಮಂದಿ ಅನ್ನುವ ವ್ಯವಹಾರ ಇತ್ತು. ತೇಜಿ ಅಂದರೆ ಇವತ್ತಿನ ಕಾಲ್, ಮಂದಿ ಅಂದರೆ ಪುಟ್. ಅದು ಬಾಯಿಮಾತಿನ, ಪರಿಚಯದ ಮೇಲೆ ನಡೆಯುವ ವ್ಯವಹಾರ.

1973ರ ಏಪ್ರಿಲ್ 26ರಂದು ಶಿಕಾಗೋ ಬೋರ್ಡ್ ಆಪ್ಷನ್ಸ್ ಎಕ್ಸ್‌ಚೇಂಜ್ ಬಾಗಿಲು ತೆರೆಯಿತು. ಶಿಕಾಗೋದ ಹಳೇ ಪೇಟೆಯಾದ ಬೋರ್ಡ್ ಆಫ್ ಟ್ರೇಡ್‌ನ ಸದಸ್ಯರು ಸಿಗರೇಟು ಸೇದುತ್ತಿದ್ದ ಕೋಣೆಯಲ್ಲಿ ವಹಿವಾಟು ಶುರುವಾಯಿತು. 16 ಕಂಪನಿಗಳ ಶೇರುಗಳ ಮೇಲೆ, ಅದೂ ಕಾಲ್ ಮಾತ್ರ. ಮೊದಲ ದಿನ 911 ಕರಾರುಗಳು ವಹಿವಾಟಾದವು. ಪುಟ್ ಬಂದದ್ದು 1977ರಲ್ಲಿ. ಹೊಸತೇನು ಅಂದರೆ ಎರಡೇ. ಎಲ್ಲರಿಗೂ ಒಂದೇ ಥರದ ಅಚ್ಚಾದ ಕಾಗದ. ನಡುವೆ ನಿಲ್ಲುವ ಕ್ಲಿಯರಿಂಗ್ ಸಂಸ್ಥೆ. ಮಾವನ ಫೋನಿನಲ್ಲಿ ನಡೆದದ್ದು ಅದೇ ಏರ್ಪಾಡಿನ ಮೊಮ್ಮಗು.

ಭಾರತದಲ್ಲಿ ಅದು ಬರಲು ಇನ್ನೂ ಇಪ್ಪತ್ತೆಂಟು ವರ್ಷ ಹಿಡಿಯಿತು. ಇಂಥ ವಹಿವಾಟಿನ ಬಗ್ಗೆ ಸೆಬಿ ನೇಮಿಸಿದ್ದ ಎಲ್. ಸಿ. ಗುಪ್ತಾ ಸಮಿತಿ ವರದಿ ಕೊಟ್ಟಿತು. 1999ರ ಕೊನೆಗೆ ಶೇರು ವ್ಯವಹಾರದ ಕಾಯ್ದೆ ತಿದ್ದುಪಡಿ ಆಯಿತು. 2001ರ ಜೂನ್‌ನಲ್ಲಿ ಸೂಚ್ಯಂಕದ ಆಪ್ಷನ್, ಜುಲೈ 2ರಂದು 31 ಕಂಪನಿಗಳ ಶೇರುಗಳ ಆಪ್ಷನ್ ಎನ್‌ಎಸ್‌ಇಯಲ್ಲಿ ಶುರುವಾದವು.

ದುಡ್ಡು ಎಲ್ಲಿ ಹೋಯಿತು, ಎಷ್ಟು ಕಟ್ಟಿಹಾಕಿದರು

42 ರೂಪಾಯಿ ಗುಣಿಸು 400. ಒಟ್ಟು 16,800 ರೂಪಾಯಿ ಪ್ರೀಮಿಯಂ. ಕೊಂಡವರು ಅಷ್ಟನ್ನೂ ಪೂರ್ತಿ ಕೊಟ್ಟರು. ಮಾವನಿಗೆ ಅದು ಜಮಾ ಆಯಿತು. ಅತ್ತೆ ಪುಸ್ತಕದಲ್ಲಿ ಬರೆದುಕೊಂಡರು. ಆಮೇಲೆ ಇನ್ನೊಂದು ಅಂಕಿ ನೋಡಿ ಮುಖ ಗಂಟಿಕ್ಕಿದರು. "ಹದಿನಾರು ಸಾವಿರ ಬಂತು ಸರಿ. ಲಕ್ಷ ಚಿಲ್ಲರೆ ಹಣ ಯಾಕೆ ಹಿಡಿದುಕೊಂಡಿದ್ದಾರೆ?"

ಅದು ಮಾರ್ಜಿನ್. ಕೊಂಡವರಿಗೆ ಹೆಚ್ಚೆಂದರೆ ಪ್ರೀಮಿಯಂ ಹೋಗುತ್ತದೆ, ಅದನ್ನು ಮೊದಲೇ ಕೊಟ್ಟಾಗಿದೆ. ಬರೆದವರ ನಷ್ಟಕ್ಕೆ ಮೇಲಿನ ಮಿತಿ ಇಲ್ಲ. ಹಾಗಾಗಿ ಕ್ಲಿಯರಿಂಗ್ ಸಂಸ್ಥೆ ಬರೆದವರಿಂದ ಅಡವು ಕೇಳುತ್ತದೆ. ಮಾವ ತಮ್ಮ ಇನ್ಫೋಸಿಸ್ ಶೇರುಗಳನ್ನೇ ಒತ್ತೆ ಇಟ್ಟಿದ್ದರು. ಆದರೆ ಒತ್ತೆ ಇಟ್ಟ ಶೇರಿನ ಪೂರ್ತಿ ಬೆಲೆಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಒಂದಷ್ಟು ಕಡಿತ ಮಾಡುತ್ತಾರೆ. ಜೊತೆಗೆ ಒಂದು ಭಾಗ ನಗದಾಗಿಯೇ ಇರಬೇಕು. ಅದನ್ನೂ ಇಟ್ಟಿದ್ದರು. ಒತ್ತೆ ಇಟ್ಟರೂ ಶೇರು ಮಾವನ ಹೆಸರಲ್ಲೇ ಇರುತ್ತದೆ, ಡಿವಿಡೆಂಡ್ ಅವರಿಗೇ ಬರುತ್ತದೆ.

ಮೂರು ವಾರದ ಮೇಲೆ ಈ ಅಡವಿನ ಅರ್ಥ ನಮಗೆ ಚೆನ್ನಾಗಿ ಗೊತ್ತಾಯಿತು. ಶೇರು 1620ಕ್ಕೆ ಏರಿತು. ಮಾವ 42ಕ್ಕೆ ಬರೆದ ಕಾಲ್ ಈಗ 88 ರೂಪಾಯಿ. ಫೋನಿನಲ್ಲಿ ಮೈನಸ್ 18,400 ಅಂತ ಕೆಂಪು ಅಂಕಿ. ಬ್ರೋಕರ್‌ನಿಂದ ಇನ್ನಷ್ಟು ಹಣ ಹಾಕಿ ಅಂತ ಸಂದೇಶ ಬಂತು. ಮಾವ ಅಡಿಕೆ ಮಾರಿದ ದುಡ್ಡಿನಲ್ಲಿ ಸ್ವಲ್ಪ ಹಾಕಿದರು. ಅತ್ತೆ ಆ ರಾತ್ರಿ ಸರಿಯಾಗಿ ಊಟ ಮಾಡಲಿಲ್ಲ.

ಅದೇ ಹೊತ್ತಿಗೆ ಮಾವನ 400 ಶೇರುಗಳ ಬೆಲೆ ಒಟ್ಟು 48,000 ರೂಪಾಯಿ ಹೆಚ್ಚಾಗಿತ್ತು. ಒಂದು ಕಡೆ ಕೆಂಪು, ಇನ್ನೊಂದು ಕಡೆ ಅದಕ್ಕಿಂತ ಜಾಸ್ತಿ ಹಸಿರು. ಶೇರು ಕೈಯಲ್ಲಿಟ್ಟುಕೊಂಡು ಬರೆಯುವುದಕ್ಕೂ, ಇಲ್ಲದೆ ಬರೆಯುವುದಕ್ಕೂ ಇರುವ ವ್ಯತ್ಯಾಸ ಇದು. ಶೇರೇ ಇಲ್ಲದವರು ಅದೇ ಕಾಲ್ ಬರೆದು, ಕೊನೇ ದಿನ ಬೆಲೆ 1750 ಆಯಿತು ಅಂದುಕೊಳ್ಳಿ. 1750ಕ್ಕೆ ತಂದು 1600ಕ್ಕೆ ಕೊಡಬೇಕು. ಶೇರಿಗೆ 150ರಂತೆ 60,000 ಹೋಗುತ್ತದೆ. ಬಂದ ಪ್ರೀಮಿಯಂ ಕಳೆದರೂ 43,200 ನಷ್ಟ. 1900 ಆದರೆ? ಲೆಕ್ಕ ನೀವೇ ಹಾಕಿ.

ಇದನ್ನು ನಾನು ಒತ್ತಿ ಹೇಳಲು ಕಾರಣ ಇದೆ. ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಒಂದು ಅಧ್ಯಯನ ಹೊರತಂದಿತು. 2021-22ರಿಂದ 2023-24ರವರೆಗಿನ ಮೂರು ವರ್ಷಗಳಲ್ಲಿ ಫ್ಯೂಚರ್ಸ್ (ಇಬ್ಬರೂ ಕಟ್ಟುಬೀಳುವ ಮುಂಗಡ ಕರಾರು) ಮತ್ತು ಆಪ್ಷನ್ಸ್‌ನಲ್ಲಿ ವಹಿವಾಟು ಮಾಡಿದ ಬಿಡಿ ಜನರ ಪೈಕಿ ಸುಮಾರು 93% ಮಂದಿ ನಷ್ಟ ಅನುಭವಿಸಿದ್ದರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು. ನಮ್ಮ ಊರಿನ ಹುಡುಗರೂ ಅದರಲ್ಲಿ ಇದ್ದಾರೆ, ನನಗೆ ಗೊತ್ತು. ತಾವು ಒತ್ತಿದ ಗುಂಡಿಯಿಂದ ಎಂಥ ಮಾತು ಹುಟ್ಟಿತು ಅಂತ ಅವರಿಗೆ ಯಾರೂ ಹೇಳಿರಲಿಲ್ಲ.

ಒಂದರಿಂದ ಸಾವಿರಾರು

ಆ ಮೊದಲ ದಿನಕ್ಕೆ ವಾಪಸ್ ಹೋಗೋಣ. ಓಪನ್ ಇಂಟರೆಸ್ಟ್ 1 ಆಗಿತ್ತು. ಆವತ್ತಿನ ವಹಿವಾಟಿನ ಸಂಖ್ಯೆಯೂ 1. ಆಮೇಲೆ ಇನ್ನೊಂದು ವಹಿವಾಟು ನಡೆಯಿತು. ವಹಿವಾಟು 2 ಆಯಿತು, ಆದರೆ ಓಪನ್ ಇಂಟರೆಸ್ಟ್ ಅಲ್ಲೇ 1ರಲ್ಲಿ ನಿಂತಿತ್ತು. ಅತ್ತೆ ಇದನ್ನೂ ಗಮನಿಸಿದ್ದರು. ಒಂದು ಯಾಕೆ ಏರಿತು, ಇನ್ನೊಂದು ಯಾಕೆ ಏರಲಿಲ್ಲ?

ಮಾವ ಆ ಎರಡನೇ ವಹಿವಾಟಿನಲ್ಲಿ ಇರಲಿಲ್ಲ. ಅಂದರೆ ಮಾವನಿಂದ ಕೊಂಡವರೇ ತಮ್ಮ ಹಕ್ಕನ್ನು ಇನ್ನೊಬ್ಬರಿಗೆ ಮಾರಿದ್ದಾರೆ. ಹೊಸ ಕರಾರು ಹುಟ್ಟಲಿಲ್ಲ, ಇದ್ದದ್ದು ಕೈ ಬದಲಾಯಿತು. ಮಾವನಿಗೆ ಏನೂ ಗೊತ್ತಾಗಲಿಲ್ಲ, ಗೊತ್ತಾಗಬೇಕಾದ್ದೂ ಇಲ್ಲ. ಅವರ ಹೊಣೆ ಕ್ಲಿಯರಿಂಗ್ ಸಂಸ್ಥೆಗೆ, ಕೊಂಡವರು ಯಾರಾದರೇನು.

ಮಧ್ಯಾಹ್ನದ ಹೊತ್ತಿಗೆ ಇನ್ಯಾರೋ ಹೊಸಬರು ಬರೆದರು, ಇನ್ಯಾರೋ ಹೊಸಬರು ಕೊಂಡರು. ವಹಿವಾಟು 3, ಓಪನ್ ಇಂಟರೆಸ್ಟ್ 2. ಇಬ್ಬರೂ ಹೊಸಬರಾದರೆ ಕರಾರು ಹುಟ್ಟುತ್ತದೆ. ಒಬ್ಬರು ಹೊಸಬರು, ಇನ್ನೊಬ್ಬರು ಹಳೆಯದನ್ನು ಬಿಡುವವರಾದರೆ ಸಂಖ್ಯೆ ಹಾಗೇ ಇರುತ್ತದೆ. ಇಬ್ಬರೂ ಹಳೆಯದನ್ನು ಬಿಡುವವರಾದರೆ ಒಂದು ಕರಾರು ಸಾಯುತ್ತದೆ, ಸಂಖ್ಯೆ ಇಳಿಯುತ್ತದೆ. ವಹಿವಾಟಿನ ಸಂಖ್ಯೆ ದಿನದಲ್ಲಿ ಎಷ್ಟು ಸಲ ಕೈ ಕುಲುಕಿದರು ಅಂತ ಹೇಳುತ್ತದೆ. ಓಪನ್ ಇಂಟರೆಸ್ಟ್ ಇನ್ನೂ ಬಾಕಿ ಇರುವ ಮಾತುಗಳು ಎಷ್ಟು ಅಂತ ಹೇಳುತ್ತದೆ.

ಒಂದು ತಿಂಗಳಿನ, ಒಂದು ಸ್ಟ್ರೈಕ್‌ನ ಮೊಟ್ಟಮೊದಲ ವಹಿವಾಟಿನಲ್ಲಿ ಮಾತ್ರ ನಮಗೆ ಖಾತ್ರಿ ಇರುತ್ತದೆ, ಇಬ್ಬರೂ ಹೊಸಬರೇ ಅಂತ. ಬಿಡುವುದಕ್ಕೆ ಹಳೆಯದು ಇರುವುದೇ ಇಲ್ಲವಲ್ಲ. ಆಮೇಲೆ ಸಂಖ್ಯೆ ನೋಡಿ ಊಹಿಸಬೇಕು. ದೊಡ್ಡ ಓಪನ್ ಇಂಟರೆಸ್ಟ್ ಕಂಡರೆ ಬೆಲೆ ಏರುತ್ತದೆ ಅಂತಲೋ ಇಳಿಯುತ್ತದೆ ಅಂತಲೋ ಹೇಳುವವರು ತುಂಬಾ ಜನ ಇದ್ದಾರೆ. ಪ್ರತಿ ಕರಾರಿನಲ್ಲೂ ಒಬ್ಬರು ಈ ಕಡೆ, ಒಬ್ಬರು ಆ ಕಡೆ ಇದ್ದೇ ಇರುತ್ತಾರೆ. ಬರೀ ಆ ಸಂಖ್ಯೆಯಿಂದ ದಿಕ್ಕು ಹೇಳಲು ಬರುವುದಿಲ್ಲ.

ಹಾಗಾದರೆ ಎಷ್ಟು ಬೇಕಾದರೂ ಹುಟ್ಟಬಹುದಾ? ಪೂರ್ತಿ ಹಾಗಿಲ್ಲ. ಒಂದು ಶೇರಿನ ಮೇಲಿನ ಎಲ್ಲ ಫ್ಯೂಚರ್ಸ್ ಮತ್ತು ಆಪ್ಷನ್ಸ್ ಸೇರಿ ಇಷ್ಟರೊಳಗೆ ಇರಬೇಕು ಅಂತ ಮಿತಿ ಇದೆ. ಕಂಪನಿ ಕಟ್ಟಿದ ಪ್ರವರ್ತಕರ ಪಾಲು ಬಿಟ್ಟು ಜನರ ಕೈಯಲ್ಲಿರುವ ಶೇರುಗಳನ್ನೂ, ಪೇಟೆಯಲ್ಲಿ ಆ ಶೇರಿನ ದಿನದಿನದ ವಹಿವಾಟನ್ನೂ ನೋಡಿ ಅದನ್ನು ಕಟ್ಟುತ್ತಾರೆ. ಆ ಮಿತಿಯ 95% ದಾಟಿದರೆ ಆ ಶೇರು ಬ್ಯಾನ್ ಪಟ್ಟಿಗೆ ಹೋಗುತ್ತದೆ. ಆಗ ಇರುವ ಹೊರೆ ಇಳಿಸಬಹುದು, ಹೊಸದಾಗಿ ಹೇರುವ ಹಾಗಿಲ್ಲ. ಕೊಡಬೇಕಾದ ಶೇರುಗಳು ಪೇಟೆಯಲ್ಲಿ ನಿಜಕ್ಕೂ ಸಿಗುವಷ್ಟರಲ್ಲೇ ಮಾತುಗಳು ಇರಲಿ ಅನ್ನುವುದು ಇದರ ಹಿಂದಿನ ವಿವೇಕ.

ಕೊನೆಯ ತಿಂಗಳು

ಆಪ್ಷನ್ ಮುಗಿಯುವ ದಾರಿ ಮೂರು. ಕೊನೇ ದಿನ ಶೇರು 1600ರ ಕೆಳಗಿದ್ದರೆ ಹಕ್ಕಿಗೆ ಬೆಲೆ ಇಲ್ಲ, ಸುಮ್ನೆ ಮುಗಿಯುತ್ತದೆ. ಮೇಲಿದ್ದರೆ ಹಕ್ಕು ತಾನಾಗಿ ಚಲಾವಣೆಯಾಗುತ್ತದೆ. ನಮ್ಮಲ್ಲಿ ಶೇರಿನ ಆಪ್ಷನ್‌ಗಳನ್ನು 2011ರಿಂದ ಕೊನೇ ದಿನವಷ್ಟೇ ಚಲಾಯಿಸಬಹುದು. ಮೂರನೆಯದು, ನಡುವೆಯೇ ವಾಪಸ್ ಕೊಂಡು ಬಿಡುಗಡೆ ಆಗುವುದು.

ಎರಡನೇ ದಾರಿಯ ಬಗ್ಗೆ ಹೊಸಬರು ಎಚ್ಚರವಾಗಿರಬೇಕು. ಮೊದಲೆಲ್ಲ ವ್ಯತ್ಯಾಸದ ಹಣ ಮಾತ್ರ ಕೈ ಬದಲಾಗುತ್ತಿತ್ತು. 2018ರ ಜುಲೈನಿಂದ ಹಂತ ಹಂತವಾಗಿ ಬದಲಾಯಿಸಿ, 2019ರ ಅಕ್ಟೋಬರ್ ಹೊತ್ತಿಗೆ ಎಲ್ಲ ಶೇರಿನ ಆಪ್ಷನ್‌ಗಳಲ್ಲೂ ನಿಜವಾದ ಶೇರನ್ನೇ ಕೊಡಬೇಕು ಅಂತ ಮಾಡಿದರು. 16,800 ಕೊಟ್ಟು ಕೊಂಡವರು ಕೊನೇ ದಿನದವರೆಗೆ ಇಟ್ಟುಕೊಂಡು ಬೆಲೆ 1600 ದಾಟಿದರೆ 6,40,000 ರೂಪಾಯಿ ಕಟ್ಟಿ 400 ಶೇರು ತೆಗೆದುಕೊಳ್ಳಬೇಕು. ಕೊನೆಯ ಕೆಲವು ದಿನಗಳಲ್ಲಿ ಅದಕ್ಕಾಗಿ ಕೊಂಡವರಿಂದಲೂ ದಿನದಿನಕ್ಕೆ ಹೆಚ್ಚು ಮಾರ್ಜಿನ್ ಕೇಳುತ್ತಾರೆ. ಶೇರು ಬೇಡ ಅನ್ನುವವರು, ಅಷ್ಟು ಹಣ ಇಲ್ಲದವರು ಕರಾರು ಮುಗಿಯುವ ಮೊದಲೇ ಮಾರಿಬಿಡಬೇಕು.

ಮಾವ ಮೂರನೇ ದಾರಿ ಹಿಡಿದರು. ಕೊನೆಯ ತಿಂಗಳು ಶುರುವಾಗುವ ಹೊತ್ತಿಗೆ ಶೇರು 1510ಕ್ಕೆ ಇಳಿದಿತ್ತು. ಕಾಲ್‌ನ ಬೆಲೆ 14 ರೂಪಾಯಿ. ಇನ್ನೂ ಒಂದು ತಿಂಗಳು ಕಾದರೆ ಆ ಹದಿನಾಲ್ಕೂ ಉಳಿಯಬಹುದಿತ್ತು. ಅತ್ತೆ ಬೇಡ ಅಂದರು. "14 ರೂಪಾಯಿಗೆ ಒಂದು ತಿಂಗಳು ನಿದ್ದೆ ಕೆಡಿಸ್ಕೊಳ್ಳೋದು ಬೇಡ." ಮಾವ ವಾಪಸ್ ಕೊಂಡರು. 42ರಲ್ಲಿ 14 ಕಳೆದರೆ 28. ಗುಣಿಸು 400, ಒಟ್ಟು 11,200 ರೂಪಾಯಿ. ಅದರಲ್ಲಿ ಬ್ರೋಕರ್ ಖರ್ಚು, ತೆರಿಗೆ ಕಳೆಯಬೇಕು. ಮೈನಸ್ 400 ಹೋಗಿ ಸೊನ್ನೆ ಆಯಿತು. ಮಾರ್ಜಿನ್ ಬಿಡುಗಡೆ ಆಯಿತು.

ಅತ್ತೆ ಪುಸ್ತಕದಲ್ಲಿ ಬರೆದು, ಪೆನ್ನು ಮುಚ್ಚುವ ಮೊದಲು ಕೇಳಿದರು. "ಅವತ್ತು ಹುಟ್ಟಿದ್ದು ಇವತ್ತು ಸತ್ತಿತಾ?"

ಪರದೆ ನೋಡಿದೆವು. ಆಗ 1600ರ ಕಾಲ್‌ನ ಓಪನ್ ಇಂಟರೆಸ್ಟ್ ಸಾವಿರಗಳಲ್ಲಿತ್ತು, ನಿಮಿಷ ನಿಮಿಷಕ್ಕೂ ಬದಲಾಗುತ್ತಿತ್ತು. ಮಾವನಿಗೆ 14ಕ್ಕೆ ಮಾರಿದವರು ತಮ್ಮ ಹಕ್ಕನ್ನು ಬಿಟ್ಟವರಾಗಿದ್ದರೆ ಒಂದು ಕರಾರು ಅಲ್ಲಿಗೆ ಮುಗಿಯಿತು. ಹೊಸದಾಗಿ ಬರೆದವರಾಗಿದ್ದರೆ ಅದು ಸಾಯಲಿಲ್ಲ, ಮಾವನ ಹೆಗಲಿನಿಂದ ಇಳಿದು ಇನ್ನೊಬ್ಬರ ಹೆಗಲೇರಿತು. ಹುಟ್ಟಿದ್ದನ್ನು ನಾವು ಕಣ್ಣಾರೆ ನೋಡಿದ್ದೆವು. ಆ ದಿನ ಏನಾಯಿತು ಅಂತ ಹೇಳಲು ನಮ್ಮ ಹತ್ತಿರ ದಾರಿ ಇರಲಿಲ್ಲ.

ಆ ತಿಂಗಳ ಕೊನೆಯ ಮಂಗಳವಾರ ಮಧ್ಯಾಹ್ನ ಮೂರೂವರೆಗೆ ಆ ಸಾಲು ಮುಗಿಯಿತು. ಶೇರು 1600ರ ಕೆಳಗೇ ಇತ್ತು. ಬುಧವಾರ ಬೆಳಿಗ್ಗೆ ಮಾವ ಮತ್ತೆ ಆಪ್ಷನ್ ಚೈನ್ ತೆರೆದರು. ಹೊಸ ಮೂರನೇ ತಿಂಗಳು ಬಂದಿತ್ತು, ಎಲ್ಲ ಸ್ಟ್ರೈಕ್‌ಗಳ ಮುಂದೆಯೂ ಸೊನ್ನೆ. ಈ ಸಲ ಅತ್ತೆಯೂ ಕನ್ನಡಕ ಹಾಕಿಕೊಂಡು ಪಕ್ಕದಲ್ಲಿ ಕೂತಿದ್ದರು.